ಎಡೆದೊರೆ ನಾಡಿನ ಆಡಳಿತ ಸ್ಥಳಗಳು: ಮಸ್ಕಿ, ಲಿಂಗಸುಗೂರು, ಸಿಂಧನೂರು

೧

ನಮ್ಮ ನಾಡಿನ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ರಾಜಧಾನಿಗಳ ಇತಿಹಾಸವನ್ನೇ ಬರೆದಿದ್ದಾರೆ. ವಾತಾಪಿ, ಮಾನ್ಯಖೇಟ, ಕಲ್ಯಾಣ, ವಿಜಯನಗರ, ಬಿಜಾಪುರಗಳಲ್ಲಿ ನಡೆದುದನ್ನು ನಾವು ತಕ್ಕಮಟ್ಟಿಗೆ ಬಲ್ಲೆವು. ಆದರೆ ಆ ಅರಮನೆಗಳಿಂದ ಹೊರಟ ಆಜ್ಞೆಯು ಒಕ್ಕಲಿಗನ ಹೊಲದ ಬದುವಿನವರೆಗೆ ತಲುಪುತ್ತಿದ್ದ ಬಗೆ ಯಾವುದು, ನಡುದಾರಿಯಲ್ಲಿ ಅದು ಯಾವ ಯಾವ ಊರುಗಳಲ್ಲಿ ತಂಗುತ್ತಿದ್ದಿತು, ಒಕ್ಕಲಿಗನ ದೂರು ಮತ್ತು ಕಂದಾಯಗಳು ಯಾವ ದಾರಿಯಿಂದ ಹಿಂದಕ್ಕೆ ಹೋಗುತ್ತಿದ್ದುವು ಎಂಬುದನ್ನು ವಿಚಾರಿಸಿದವರು ವಿರಳ. ಅರಸನ ಮುಖವನ್ನು ಜನ್ಮದಲ್ಲಿ ಒಮ್ಮೆಯೂ ಕಾಣದ ಪ್ರಜೆಗೆ ರಾಜ್ಯವೆಂಬುದು ಕಾಣಿಸುತ್ತಿದ್ದುದು ಈ ನಡುವಣ ಊರುಗಳಲ್ಲಿಯೇ. ಆದುದರಿಂದ ಇವುಗಳ ಚರಿತ್ರೆಯು ರಾಜಧಾನಿಗಳ ಚರಿತ್ರೆಗೆ ಬರಿಯ ಅನುಬಂಧವಲ್ಲ.

ಈ ವಿಚಾರಕ್ಕೆ ರಾಯಚೂರು ಜಿಲ್ಲೆಯ ಪಶ್ಚಿಮ ಮತ್ತು ದಕ್ಷಿಣ ಭಾಗವು ಒಳ್ಳೆಯ ನಿದರ್ಶನವನ್ನೊದಗಿಸುತ್ತದೆ. ಕೃಷ್ಣಾ ತುಂಗಭದ್ರೆಗಳ ನಡುವಣ ಈ ಭೂಮಿಯನ್ನು ಶಾಸನಗಳು ಎಡೆದೊರೆ ಎರಡು ಸಾವಿರ ಎಂದು ಕರೆದಿವೆ. ಎರಡು ತೊರೆಗಳ ಎಡೆಯ ನಾಡು ಎಂಬುದು ಅದರ ಅರ್ಥ. ಮುಂದೆ ಇದಕ್ಕೆ ರಾಯಚೂರು ದೋಆಬ್ ಎಂಬ ಹೆಸರು ಬಂದಿತು. ಪಾರಸಿಯ ಆ ಶಬ್ದವೂ ಎರಡು ನೀರುಗಳ ನಡುವಣ ನೆಲವೆಂದೇ ಹೇಳುತ್ತದೆ. ಈ ನಾಡಿನಲ್ಲಿ ಮಸ್ಕಿ, ಲಿಂಗಸುಗೂರು, ಸಿಂಧನೂರು ಎಂಬ ಮೂರು ಊರುಗಳು ಒಂದೇ ಹೆದ್ದಾರಿಯ ಮೇಲಿವೆ. ಮೂರೂ ಇಂದು ತಾಲೂಕು ಕೇಂದ್ರಗಳು. ಆದರೆ ಮೂರಕ್ಕೂ ಆ ಪದವಿ ಬಂದ ಕಾಲವೂ ಕಾರಣವೂ ಬೇರೆ ಬೇರೆ. ಊರು ದೊಡ್ಡದಾದುದರಿಂದ ಕಚೇರಿ ಬರುವುದೋ, ಕಚೇರಿ ಬಂದುದರಿಂದ ಊರು ದೊಡ್ಡದಾಗುವುದೋ ಎಂಬ ಪ್ರಶ್ನೆಗೆ ಈ ಮೂರು ಊರುಗಳು ಕೊಡುವ ಉತ್ತರವನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಮಸ್ಕಿಯನ್ನು ತೆಗೆದುಕೊಳ್ಳೋಣ. ೧೯೧೫ರಲ್ಲಿ ಚಿನ್ನದ ನಿಕ್ಷೇಪಗಳನ್ನು ಅರಸುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರು ಇಲ್ಲಿಯ ಬಂಡೆಯೊಂದರ ಮೇಲೆ ಪ್ರಾಚೀನ ಲಿಪಿಯನ್ನು ಕಂಡನು. ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಆ ಶಾಸನವನ್ನು ಹೈದರಾಬಾದಿನ ಪುರಾತತ್ತ್ವ ಮಾಲೆಯಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ದೊರೆತಿದ್ದ ಧರ್ಮಲಿಪಿಗಳಲ್ಲೆಲ್ಲ ಅರಸನು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಿಂದ ಮಾತ್ರವೇ ಪರಿಚಿತನಾಗಿದ್ದನು. ಮಸ್ಕಿಯ ಬಂಡೆಯು ಅವನ ಹೆಸರನ್ನು ಅಶೋಕನೆಂದು ಸ್ಪಷ್ಟವಾಗಿ ಹೇಳಿತು. ಸಿಂಹಳದ ಗ್ರಂಥಗಳ ಆಧಾರದ ಮೇಲೆ ವಿದ್ವಾಂಸರು ಮಾಡಿದ್ದ ಊಹೆಗೆ ಇದರಿಂದ ಪ್ರತ್ಯಕ್ಷ ಪ್ರಮಾಣ ದೊರೆತಂತಾಯಿತು. ಅನಂತರ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೆಗೊಳಗಳ ಶಾಸನಗಳಲ್ಲಿಯೂ ಈ ಹೆಸರು ಕಂಡುಬಂದಿದೆ.

ಈ ಶಾಸನದಿಂದ ಮಸ್ಕಿಯು ಮೌರ್ಯರ ಕಾಲದಲ್ಲಿ ಆಡಳಿತ ಸ್ಥಳವಾಗಿದ್ದಿತೆಂದು ಹೇಳಬಹುದೆ? ಇಲ್ಲಿ ಅವಸರ ಸಲ್ಲದು. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಮೊಳಕಾಲ್ಮೂರು ತಾಲೂಕಿನಲ್ಲಿ ಕಂಡುಹಿಡಿದ ಬ್ರಹ್ಮಗಿರಿ ಮತ್ತು ಸಿದ್ದಾಪುರದ ಶಾಸನಗಳು, ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಕುಶಲವನ್ನು ವಿಚಾರಿಸಿ ಆಜ್ಞೆಯನ್ನು ಕಳುಹಿಸಿದರೆಂದು ತಿಳಿಸುತ್ತವೆ. ಇಸಿಲವು ಅಧಿಕಾರಿಗಳ ಊರಾಗಿದ್ದಿತೆಂಬುದು ಆದಕಾರಣ ನಿರ್ವಿವಾದ. ಮಸ್ಕಿಯ ಪಾಠದಲ್ಲಾದರೋ ಅಂತಹ ಒಕ್ಕಣೆಯಿಲ್ಲ. ಸುವರ್ಣಗಿರಿಯನ್ನು ಕೆಲವರು ಇಲ್ಲಿಯ ಹಳೆಯ ಚಿನ್ನದ ಗಣಿಗಳನ್ನು ನೋಡಿ ಮಸ್ಕಿಯ ಪರಿಸರದಲ್ಲಿ ಗುರುತಿಸಿದರು; ಹುಲ್ಟ್ಸ್ ಅವರು ಹೆಸರಿನ ಸಾಮ್ಯವನ್ನು ಹಿಡಿದು ದಕ್ಷಿಣಕ್ಕಿರುವ ಕನಕಗಿರಿಯೇ ಅದೆಂದರು; ಮತ್ತೆ ಕೆಲವರು ಆಂಧ್ರದ ಎರ್ರಗುಡಿಯ ಬಳಿಯ ಜೊನ್ನಗಿರಿಯತ್ತ ಕೈ ತೋರಿಸಿದರು. ಈ ವಾದವು ಇನ್ನೂ ಮುಗಿದಿಲ್ಲ.

ಆದರೂ ಒಂದು ಅಂಶವನ್ನು ಗಮನಿಸಬೇಕು. ಎರ್ರಗುಡಿಯಲ್ಲಿಯೂ, ಸಿಂಧನೂರಿನ ದಕ್ಷಿಣಕ್ಕೆ ತುಂಗಭದ್ರೆಯ ಆಚೆಯಲ್ಲಿರುವ ನಿಟ್ಟೂರು, ಉದೆಗೊಳಗಳಲ್ಲಿಯೂ ದೊರೆತಿರುವ ಪಾಠಗಳು, ಅರಸನ ಮಾತನ್ನು ರಾಜುಕನೆಂಬ ಅಧಿಕಾರಿಗೆ ತಿಳಿಸಬೇಕೆಂದೂ ಅವನು ಭೇರಿಯನ್ನು ಹೊಡೆಸಿ ಜಾನಪದರಿಗೆ ಸಾರಬೇಕೆಂದೂ ವಿಧಿಸುತ್ತವೆ. ಬಂಡೆಯ ಮೇಲಿನ ಪ್ರಾಕೃತವನ್ನು ಓದಬಲ್ಲ ಒಕ್ಕಲಿಗರು ಈ ನಾಡಿನಲ್ಲಿದ್ದಿರಲಾರರು. ಓದಿ, ಅರ್ಥ ಹೇಳಿ, ಡಂಗುರ ಸಾರುವವನೊಬ್ಬನಿಲ್ಲದೆ ಆ ಬರಹವು ನಿಷ್ಪ್ರಯೋಜಕ. ಆದುದರಿಂದ ಮಸ್ಕಿಯಲ್ಲಿ ಮಹಾಮಾತ್ರನ ಗದ್ದುಗೆ ಇದ್ದಿತೋ ಇಲ್ಲವೋ, ಅರಸನ ಮಾತನ್ನು ಊರ ಮಾತಾಗಿ ತಿರುಗಿಸುವವನೊಬ್ಬನು ಅಲ್ಲಿಗೆ ಬಂದು ನಿಲ್ಲುತ್ತಿದ್ದನೆಂದು ಊಹಿಸಲವಕಾಶವುಂಟು. ಎಡೆದೊರೆಯಲ್ಲಿ ನಮಗೆ ಕಾಣುವ ಮೊದಲ ಸರಕಾರಿ ಕೆಲಸವೆಂದರೆ ಇದೇ. ಕೀಳುಸ್ಥಿತಿಯಲ್ಲಿರುವವನೂ ಧರ್ಮದಲ್ಲಿ ನಿಷ್ಠನಾದರೆ ಉನ್ನತವಾದ ಗುರಿಯನ್ನು ಹೊಂದಬಲ್ಲನು, ಅದು ದೊಡ್ಡವರಿಗೆ ಮಾತ್ರ ಮೀಸಲಲ್ಲ ಎಂಬ ಅಭಿಪ್ರಾಯವು ಆ ಶಾಸನದಲ್ಲಿರುವುದು ಇಲ್ಲಿ ಸ್ಮರಣೀಯವಾಗಿದೆ.

೧೯೫೪ರಲ್ಲಿ ಬಿ. ಕೆ. ಥಾಪರ್ ಅವರು ಮಸ್ಕಿಯಲ್ಲಿ ನಡೆಸಿದ ಉತ್ಖನನವು ನಾಲ್ಕು ಹಂತಗಳ ಜನವಸತಿಯನ್ನು ತೋರಿಸಿತು: ನವಶಿಲಾ ತಾಮ್ರಶಿಲಾ ಕಾಲ, ಬೃಹತ್ ಶಿಲಾಸಮಾಧಿಗಳ ಕಾಲ, ಇತಿಹಾಸದ ಆರಂಭಕಾಲ ಮತ್ತು ಮಧ್ಯಯುಗ. ಪಾತ್ರೆ, ಮಣಿ, ಆಯುಧಗಳು ಆಡಳಿತದ ಹೆಸರನ್ನು ಹೇಳಲಾರವು, ನಿಜ. ಆದರೆ ರಾಜ್ಯಗಳು ಹುಟ್ಟುವ ಮೊದಲೇ ಇಲ್ಲಿ ಜನರಿದ್ದರು, ರಾಜ್ಯಗಳು ಅಳಿದ ಮೇಲೂ ಇದ್ದರು ಎಂಬುದನ್ನು ಅವು ಹೇಳುತ್ತವೆ.

೩

ಮಧ್ಯಯುಗಕ್ಕೆ ಬಂದರೆ ನಮ್ಮ ಆಧಾರಗಳು ಗಟ್ಟಿಯಾಗುತ್ತವೆ. ಕಲ್ಯಾಣದ ಚಾಲುಕ್ಯ ಜಗದೇಕಮಲ್ಲ ಜಯಸಿಂಹನ ಕಾಲದ, ಶಕವರ್ಷ ೯೪೯ರ ಎಂದರೆ ಕ್ರಿ.ಶ. ೧೦೨೭ರ, ಶಾಸನವೊಂದು ಈ ಊರನ್ನು 'ರಾಜಧಾನಿ ಪಿರಿಯ ಮೊಸಂಗಿ' ಎಂದು ಕರೆಯುತ್ತದೆ. ಮೊದಲನೆಯ ರಾಜೇಂದ್ರ ಚೋಳನ ತಮಿಳು ಶಾಸನಗಳಲ್ಲಿ ಜಯಸಿಂಹನು ಸೋತ ರಣರಂಗವೆಂದು ಹೇಳಲಾದ ಮುಯಂಗಿಯು ಈ ಮೊಸಂಗಿಯೇ ಎಂದು ಹಲವು ವಿದ್ವಾಂಸರು ಭಾವಿಸಿದ್ದಾರೆ. ಕದನದ ಸ್ಥಳವು ಇದೇ ಆಗಿದ್ದಲ್ಲಿ, ಕೆಲವೇ ವರ್ಷಗಳ ತರುವಾಯ ಅದು ಮತ್ತೆ ಚಾಲುಕ್ಯರ ಅಧೀನದಲ್ಲಿ ಗೌರವದ ಸ್ಥಾನದಲ್ಲಿದ್ದಿತೆಂಬುದು ಈ ಶಾಸನದಿಂದ ವ್ಯಕ್ತವಾಗುತ್ತದೆ.

'ರಾಜಧಾನಿ' ಎಂಬ ಮಾತನ್ನು ನೋಡಿ ಮೋಸಹೋಗಬಾರದು. ಚಾಲುಕ್ಯರ ಕಾಲದಲ್ಲಿ ಬಳ್ಳಿಗಾವೆ ಮೊದಲಾದ ಹಲವು ಊರುಗಳಿಗೆ ಈ ಪದವು ಸಲ್ಲುತ್ತಿದ್ದಿತು. ಅರಸನು ಸದಾ ವಾಸಿಸುವ ಪಟ್ಟಣವೆಂಬ ಅರ್ಥಕ್ಕಿಂತ, ಒಂದು ನಾಡಿನ ಮುಖ್ಯಸ್ಥಳ, ಅರಸನ ಅಧಿಕಾರವು ನೆಲಸಿದ ಸ್ಥಳ ಎಂಬ ಅರ್ಥವೇ ಇಲ್ಲಿ ಹೊಂದುತ್ತದೆ. 'ಪಿರಿಯ' ಎಂಬ ವಿಶೇಷಣದಿಂದ, ಹಿರಿಯ ಮೊಸಂಗಿಯಿಂದ ಬೇರೆಯಾದ ಕಿರಿಯದೊಂದೂ ಇದ್ದಿರಬಹುದೆಂದು ತೋರುತ್ತದೆ. ವಿಜಯನಗರದ ಕಾಲದಲ್ಲಿ ಇದೇ ಹೆಸರು 'ಮೊಸಗೆಯ ನಾಡು' ಎಂಬ ವಿಭಾಗಕ್ಕೆ ಹೆಸರಾಗಿ ನಿಂತಿದ್ದಿತು. ಊರಿನ ಹೆಸರು ಸುತ್ತಣ ಸೀಮೆಗೆ ಅಂಟಿಕೊಳ್ಳುವುದೇ ಆಡಳಿತ ಸ್ಥಳದ ಮುಖ್ಯ ಲಕ್ಷಣ.

ಇದೇ ಲಕ್ಷಣವನ್ನು ಲಿಂಗಸುಗೂರು ತಾಲೂಕಿನ ಕರಡಿಕಲ್ಲಿನಲ್ಲಿಯೂ ಕಾಣಬಹುದು. ಇಂದು ಸಾಧಾರಣ ಗ್ರಾಮವಾಗಿರುವ ಈ ಸ್ಥಳವು ಒಂದು ಕಾಲದಲ್ಲಿ ನಾಡೊಂದರ ತಲೆಯೂರು. ಚಾಲುಕ್ಯರ ಮಾಂಡಲಿಕರಾದ ಕದಂಬರ ಶಾಖೆಯೊಂದು ಈ ಊರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಈ ಬಗೆಯ ಊರುಗಳಲ್ಲಿ ನಾಳ್ಗಾವುಂಡರು, ಪೆರ್ಗಡೆಗಳು, ಸುಂಕದವರು, ಸೇನಬೋವರು ಕೂಡಿ ವ್ಯವಹಾರ ನಡೆಸುತ್ತಿದ್ದರು. ದತ್ತಿ ಕೊಡುವಾಗ ಭೂಮಿಯ ಎಲ್ಲೆಯನ್ನು ಗುರುತಿಸುವುದು, ಸುಂಕವನ್ನು ಬಿಡುವುದು, ಸಾಕ್ಷಿಗಳ ಮುಂದೆ ಅದನ್ನು ಕಲ್ಲಿನಲ್ಲಿ ಬರೆಯಿಸಿ ದೇವಾಲಯದ ಬಳಿ ನಿಲ್ಲಿಸುವುದು—ಇವೇ ಆ ಕಾಲದ ಕಾಗದಪತ್ರಗಳು. ದಾಖಲೆಯು ಊರ ನಡುವೆ, ಊರವರ ಭಾಷೆಯಲ್ಲಿ, ಎಲ್ಲರ ಕಣ್ಣೆದುರು ನಿಂತಿದ್ದಿತೆಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನವುಂಟು.

ಬಹಮನಿ ಮತ್ತು ವಿಜಯನಗರ ರಾಜ್ಯಗಳ ಹೋರಾಟದಲ್ಲಿ ಎಡೆದೊರೆಯ ಭಾರಕೇಂದ್ರವು ಕೋಟೆಗಳ ಕಡೆಗೆ ಸರಿಯಿತು. ರಾಯಚೂರು ಮತ್ತು ಮುದಗಲ್ಲುಗಳು ಹಲವು ಬಾರಿ ಕೈ ಬದಲಾಯಿಸಿದುವು. ೧೫೨೦ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಗೆದ್ದುದು ಸುಪ್ರಸಿದ್ಧ. ಯುದ್ಧದ ಕಾಲದಲ್ಲಿ ಕಂದಾಯದ ಹಣವೂ ಧಾನ್ಯವೂ ಗೋಡೆಯ ಒಳಗಿರಬೇಕಾಗುವುದರಿಂದ, ಬಯಲಿನ ಮೊಸಂಗಿಗಿಂತ ಕೋಟೆಯ ಮುದಗಲ್ಲಿಗೆ ಪ್ರಾಶಸ್ತ್ಯ ದೊರೆತುದು ಸಹಜವೇ. ಬಿಜಾಪುರದ ಆದಿಲಶಾಹಿಗಳ ಕಾಲದಲ್ಲಿ ಮುದಗಲ್ಲು ಪ್ರಾಂತದ ಪ್ರಮುಖ ಆಡಳಿತ ಸ್ಥಳವಾಗಿದ್ದಿತು. ಪಿರಿಯ ಮೊಸಂಗಿಯು ಕ್ರಮೇಣ ಹಳ್ಳಿಯಾಯಿತು.

೪

ಲಿಂಗಸುಗೂರಿನ ಕಥೆಯು ತೀರ ಬೇರೆ ಬಗೆಯದು. ೧೮೫೩ರ ಒಪ್ಪಂದದ ಪ್ರಕಾರ ಹೈದರಾಬಾದಿನ ನಿಜಾಮನು ಬೇರಾರು, ಧಾರಾಶಿವ ಮತ್ತು ರಾಯಚೂರು ದೋಆಬ್ ಪ್ರಾಂತಗಳನ್ನು ಹೈದರಾಬಾದ್ ಕಂಟಿಂಜಂಟ್ ಎಂಬ ಸೈನ್ಯದ ವೆಚ್ಚಕ್ಕಾಗಿ ಇಂಗ್ಲಿಷರ ವಶಕ್ಕೆ ಬಿಟ್ಟುಕೊಟ್ಟನು. ಆ ಸೈನ್ಯದ ಒಂದು ತುಕಡಿಯು ಲಿಂಗಸುಗೂರಿನ ಛಾವಣಿಯಲ್ಲಿದ್ದಿತು. ೧೮೫೮ರಲ್ಲಿ ಸುರಪುರದ ವೆಂಕಟಪ್ಪನಾಯಕನ ಮೇಲೆ ನಡೆದ ಕಾರ್ಯಾಚರಣೆಯಲ್ಲಿ ಈ ಛಾವಣಿಯ ಪಡೆಯೂ ಭಾಗವಹಿಸಿತು. ೧೮೬೦ರಲ್ಲಿ ದೋಆಬ್ ಮತ್ತೆ ನಿಜಾಮನಿಗೆ ದೊರೆಯಿತು. ಸುರಪುರವೂ ಅವನ ರಾಜ್ಯಕ್ಕೆ ಸೇರಿತು.

ದಿವಾನನಾಗಿದ್ದ ಮೊದಲನೆಯ ಸಾಲಾರ್ ಜಂಗನು ೧೮೬೫ರಿಂದ ಮುಂದಕ್ಕೆ ಜಿಲ್ಲಾಬಂದಿ ಎಂಬ ಸುಧಾರಣೆಯನ್ನು ಕೈಗೊಂಡನು. ಕಂದಾಯವನ್ನು ಗುತ್ತಿಗೆ ಹಿಡಿದವರ ಕೈಯಿಂದ ಬಿಡಿಸಿ, ರಾಜ್ಯವನ್ನು ಜಿಲ್ಲೆ ತಾಲೂಕುಗಳಾಗಿ ವಿಂಗಡಿಸಿ, ಸಂಬಳದ ಅಧಿಕಾರಿಗಳನ್ನು ನೇಮಿಸುವುದು ಅದರ ಮುಖ್ಯ ಉದ್ದೇಶ. ಜಿಲ್ಲೆಯ ಮುಖ್ಯಾಧಿಕಾರಿಗೆ ಅವ್ವಲ್ ತಾಲೂಕುದಾರನೆಂದೂ, ಅವನ ಕೈಕೆಳಗಿನವರಿಗೆ ದುವಮ್ ಮತ್ತು ಸುವಮ್ ತಾಲೂಕುದಾರರೆಂದೂ, ತಾಲೂಕಿನ ಅಧಿಕಾರಿಗೆ ತಹಶೀಲ್ದಾರನೆಂದೂ ಹೆಸರು. ಈ ವ್ಯವಸ್ಥೆಯಲ್ಲಿ ಲಿಂಗಸುಗೂರು ಒಂದು ಜಿಲ್ಲೆಯ ಮುಖ್ಯಸ್ಥಳವಾಯಿತು. ಕುಷ್ಟಗಿ, ಗಂಗಾವತಿ, ಸಿಂಧನೂರು ಮಾತ್ರವಲ್ಲದೆ ಕೃಷ್ಣೆಯ ಆಚೆಯ ಸುರಪುರ, ಶಹಾಪುರಗಳೂ ಅದಕ್ಕೆ ಸೇರಿದ್ದುವು.

ಹಳೆಯ ಲಿಂಗಸುಗೂರಿಗೆ ಕಸಬಾ ಲಿಂಗಸುಗೂರು ಎಂಬ ಹೆಸರು ಇಂದಿಗೂ ಉಳಿದಿದೆ. ಕಸಬಾ ಎಂದರೆ ಸೀಮೆಯೊಂದರ ಮುಖ್ಯ ಗ್ರಾಮ. ಆದರೆ ಈಗಿನ ಪಟ್ಟಣವು ಬೆಳೆದುದು ಆ ಕಸಬೆಯ ಸುತ್ತಲಲ್ಲ, ಛಾವಣಿಯ ಸುತ್ತ. ಎಂದರೆ ಇಲ್ಲಿ ದಂಡು ಮೊದಲು, ಕಚೇರಿ ಅನಂತರ, ಊರು ಕೊನೆಗೆ.

ಇಂತಹ ಊರಿನ ಭಾಗ್ಯವು ತನ್ನ ಕೈಯಲ್ಲಿರುವುದಿಲ್ಲ. ೧೮೭೧ರಲ್ಲಿ ಮುಂಬಯಿಯ ಕಡೆಯ ರೈಲುದಾರಿಯೂ ಮದರಾಸಿನ ಕಡೆಯ ರೈಲುದಾರಿಯೂ ರಾಯಚೂರಿನಲ್ಲಿ ಕೂಡಿದುವು. ಲಿಂಗಸುಗೂರು ದಾರಿಯಿಂದ ದೂರ ಉಳಿಯಿತು. ೧೯೦೩ರಲ್ಲಿ ಕಂಟಿಂಜಂಟ್ ಸೈನ್ಯವು ಭಾರತೀಯ ಸೈನ್ಯದಲ್ಲಿ ವಿಲೀನವಾಯಿತು. ೧೯೦೫ರಲ್ಲಿ ಲಿಂಗಸುಗೂರು ಜಿಲ್ಲೆಯೇ ರದ್ದಾಗಿ, ಸುರಪುರ ಶಹಾಪುರಗಳು ಗುಲಬರ್ಗಕ್ಕೂ ಉಳಿದ ಭಾಗವು ರಾಯಚೂರಿಗೂ ಸೇರಿದುವು. ರೈಲು ಮತ್ತು ದಂಡುಗಳೆರಡನ್ನೂ ಗಮನಿಸಿದರೆ, ಈ ಬದಲಾವಣೆಗೆ ಊರವರ ಯಾವ ದೋಷವೂ ಕಾರಣವಾಗಿರಲಿಲ್ಲವೆಂಬುದು ತಿಳಿಯುತ್ತದೆ. ಆದರೆ ಫಲವನ್ನು ಉಂಡವರು ಅವರೇ. ಜಿಲ್ಲೆಯ ಕಚೇರಿಯ ಮುಂದೆ ನಿಲ್ಲಬೇಕಾದ ಒಕ್ಕಲಿಗನು ಅಂದಿನಿಂದ ಎಂಬತ್ತು ತೊಂಬತ್ತು ಕಿಲೊಮೀಟರುಗಳ ದಾರಿಯನ್ನು ಸವೆಸಬೇಕಾಯಿತು. ಎತ್ತಿನ ಗಾಡಿಯ ಕಾಲದಲ್ಲಿ ಇದು ಹೋಗಿಬರಲು ಒಂದು ವಾರದ ಮಾತು.

೫

ಜಿಲ್ಲೆ ತಾಲೂಕುಗಳ ಕೆಳಗೆ ಹಳ್ಳಿಯ ಆಡಳಿತವಿದ್ದಿತು. ಕಂದಾಯ ವಸೂಲಿಗೆ ಮಾಲಿ ಪಾಟೀಲ, ಶಾಂತಿಪಾಲನೆಗೆ ಪೊಲೀಸ್ ಪಾಟೀಲ, ಲೆಕ್ಕಕ್ಕೆ ಪಟವಾರಿ, ಇವರ ಕೈಕೆಳಗೆ ತಳವಾರ, ವಾಲಿಕಾರ ಮೊದಲಾದವರು. ಹಲವು ಹಳ್ಳಿಗಳ ಲೆಕ್ಕವನ್ನು ತನಿಖೆಮಾಡಲು ಗಿರದಾವರನು ತಿರುಗುತ್ತಿದ್ದನು. ಅವನು ತಂಗುತ್ತಿದ್ದ ಊರು ತಾನಾಗಿಯೇ ಸುತ್ತಣ ಹಳ್ಳಿಗಳಿಗೆ ಕೇಂದ್ರವಾಗುತ್ತಿದ್ದಿತು. ಸಂತೆಯು ಅಲ್ಲಿಯೇ ಕೂಡಿದರೆ ಕೆಲಸವು ಮತ್ತೂ ಸುಲಭ. ಜೋಳ ಮಾರಿದ ಹಣದಲ್ಲಿಯೇ ಕಿಸ್ತನ್ನು ಕಟ್ಟಬಹುದು. ಇಂದು ಹೋಬಳಿಯ ಊರಾಗಿರುವ ಸಂತೆಕಲ್ಲೂರಿನ ಹೆಸರಿನಲ್ಲಿ ಸಂತೆಯೇ ಸೇರಿಕೊಂಡಿರುವುದು ಈ ದೃಷ್ಟಿಯಿಂದ ಅರ್ಥಪೂರ್ಣವಾಗಿದೆ.

ಈ ಆಡಳಿತದ ಶಬ್ದಗಳನ್ನು ಪರೀಕ್ಷಿಸಿದರೆ ಇತಿಹಾಸದ ಪದರಗಳೇ ಕಾಣುತ್ತವೆ. ತಹಶೀಲು, ತಾಲೂಕು, ಜಿಲ್ಲೆ, ಜಮಾಬಂದಿ, ಕಿಸ್ತು, ಕಸಬಾ, ದಫ್ತರ—ಇವು ಪಾರಸಿ ಅರಬ್ಬಿಗಳಿಂದ ಬಂದುವು. ನಾಡು, ಗೌಡ, ಶಾನುಭೋಗ, ತಳವಾರ—ಇವು ಹಳೆಯ ನಾಡು, ಗಾವುಂಡ, ಸೇನಬೋವ, ತಳಾರರ ಮುಂದುವರಿಕೆ. ಕಚೇರಿ ಎತ್ತರಕ್ಕೆ ಹೋದಂತೆಲ್ಲ ಹೊರಗಿನ ಶಬ್ದಗಳು ಹೆಚ್ಚುತ್ತವೆ. ಹೊಲದ ಸಮೀಪಕ್ಕೆ ಬಂದಂತೆಲ್ಲ ಕನ್ನಡವು ಹೆಚ್ಚುತ್ತದೆ. ಅರಸೊತ್ತಿಗೆಗಳು ಮೇಲಿನ ಅಂತಸ್ತುಗಳನ್ನು ಬದಲಾಯಿಸಿದುವಲ್ಲದೆ ತಳಹದಿಯನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡುವೆಂದು ಇದರಿಂದ ಹೇಳಬಹುದು.

ಆದರೆ ಒಂದು ದೊಡ್ಡ ವ್ಯತ್ಯಾಸವಾಯಿತು. ನಿಜಾಮನ ಸರಕಾರದ ಭಾಷೆ ಮೊದಲು ಪಾರಸಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಉರ್ದು. ಮೊಸಂಗಿಯ ಕಾಲದಲ್ಲಿ ಗುಡಿಯ ಮುಂದೆ ಕನ್ನಡದಲ್ಲಿ ನಿಂತಿದ್ದ ದಾಖಲೆಯು ಈಗ ದಫ್ತರದ ಬಟ್ಟೆಯೊಳಗೆ, ಒಕ್ಕಲಿಗನು ಓದಲಾರದ ಲಿಪಿಯಲ್ಲಿ ಅಡಗಿತು. ತನ್ನ ಹೊಲವು ತನ್ನದೇ ಎಂದು ಹೇಳುವ ಕಾಗದವನ್ನು ಬೇರೊಬ್ಬನಿಂದ ಓದಿಸಿ ತಿಳಿಯಬೇಕಾದವನ ಸ್ಥಿತಿಯು ಎಂತಹುದೆಂಬುದನ್ನು ವಿವರಿಸಬೇಕಾಗಿಲ್ಲ. ಅಶೋಕನ ಬಂಡೆಯ ಮುಂದೆ ನಿಂತ ಅವನ ಪೂರ್ವಿಕನ ಸ್ಥಿತಿಯೂ ಇದೇ ಆಗಿದ್ದಿತು. ಆದರೆ ಆ ಬರಹವು ಧರ್ಮವನ್ನು ಕುರಿತುದು, ಈ ಬರಹವು ಅನ್ನವನ್ನು ಕುರಿತುದು.

೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. ೧೯೪೯ರಲ್ಲಿ ಜಾಗೀರುಗಳು ರದ್ದಾದುವು. ೧೯೫೬ರ ನವೆಂಬರ್ ೧ರಂದು ರಾಯಚೂರು ಜಿಲ್ಲೆಯು, ಗದ್ವಾಲ ಮತ್ತು ಆಲಂಪುರಗಳನ್ನು ಆಂಧ್ರಕ್ಕೆ ಬಿಟ್ಟು, ವಿಶಾಲ ಮೈಸೂರಿನಲ್ಲಿ ಒಂದಾಯಿತು. ೧೯೬೪ರಲ್ಲಿ ಮೈಸೂರು ಭೂಕಂದಾಯ ಕಾನೂನು ಜಾರಿಗೆ ಬಂದು, ಬೇರೆ ಬೇರೆ ಪ್ರಾಂತಗಳ ಪದ್ಧತಿಗಳೆಲ್ಲ ಒಂದೇ ಚೌಕಟ್ಟಿಗೆ ಒಳಪಟ್ಟುವು. ವಂಶಪಾರಂಪರ್ಯದ ಪಟವಾರಿಯ ಸ್ಥಾನಕ್ಕೆ ಸಂಬಳದ ಗ್ರಾಮಲೆಕ್ಕಿಗನು ಬಂದನು.

೬

ಸಿಂಧನೂರಿನ ಏಳ್ಗೆಗೆ ಕಾರಣವು ಶಾಸನವೂ ಅಲ್ಲ, ಛಾವಣಿಯೂ ಅಲ್ಲ, ನೀರು. ಇದು ತಾಲೂಕಿನ ಊರಾಗಿದ್ದರೂ, ಮಳೆಯನ್ನೇ ನಂಬಿದ ಎರೆಭೂಮಿಯ ನಡುವಣ ಸಾಧಾರಣ ಸ್ಥಳವಾಗಿದ್ದಿತು. ೧೯೪೫ರಲ್ಲಿ ಹೈದರಾಬಾದ್ ಮತ್ತು ಮದರಾಸು ಸರಕಾರಗಳು ಕೂಡಿ ತುಂಗಭದ್ರಾ ಅಣೆಕಟ್ಟಿಗೆ ತಳಹದಿ ಹಾಕಿದುವು; ೧೯೫೩ರಲ್ಲಿ ಕಾಲುವೆಗೆ ನೀರು ಹರಿಯಿತು. ಎಡದಂಡೆಯ ಕಾಲುವೆಯು ಮುಂದುವರಿದಂತೆ ಜೋಳದ ಹೊಲಗಳು ಬತ್ತದ ಗದ್ದೆಗಳಾದುವು; ಅಕ್ಕಿಯ ಗಿರಣಿಗಳು ಬಂದುವು; ಹೊರಗಿನಿಂದ ಒಕ್ಕಲುಗಳು ಬಂದುವು; ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೂ ಈ ತಾಲೂಕಿನಲ್ಲಿ ನೆಲೆ ದೊರೆಯಿತು. ಇಲ್ಲಿ ಕಚೇರಿ ಮೊದಲಿನಿಂದಲೂ ಇದ್ದರೂ ಅದು ಊರನ್ನು ಬೆಳೆಸಲಿಲ್ಲ. ಊರು ಬೆಳೆದ ಮೇಲೆ ಕಚೇರಿಗೆ ಕೆಲಸ ಹೆಚ್ಚಿತು.

ಇದೇ ಅವಧಿಯಲ್ಲಿ ಮಸ್ಕಿಯು ಲಿಂಗಸುಗೂರು ತಾಲೂಕಿನ ಒಂದು ಊರಾಗಿಯೇ ಉಳಿದಿದ್ದಿತು. ೨೦೦೮ರಲ್ಲಿ ಅದು ವಿಧಾನಸಭೆಯ ಕ್ಷೇತ್ರವೊಂದಕ್ಕೆ ಹೆಸರು ಕೊಟ್ಟಿತು, ೨೦೧೮ರಲ್ಲಿ ತಾಲೂಕಾಯಿತು. ಲಿಂಗಸುಗೂರಿನ ಕಡೆಯ ಸಂತೆಕಲ್ಲೂರು, ಸಿಂಧನೂರಿನ ಕಡೆಯ ಬಳಗಾನೂರು, ಮಾನ್ವಿಯ ಕಡೆಯ ಪಾಮನಕಲ್ಲೂರು ಮುಂತಾದುವು ಹೊಸ ತಾಲೂಕಿಗೆ ಸೇರಿದುವು. ಮೂರು ತಾಲೂಕುಗಳ ಅಂಚಿನಲ್ಲಿದ್ದ ಹಳ್ಳಿಗಳು ಹೀಗೆ ಮತ್ತೊಮ್ಮೆ ಮೊಸಗೆಯ ನಾಡಾದುವೆಂದು ಹೇಳಿದರೆ ಅದು ಪೂರ್ತಿ ಅಲಂಕಾರದ ಮಾತಾಗದು. ಹಳೆಯ ನಾಡಿನ ಎಲ್ಲೆಯೂ ಇಂದಿನ ತಾಲೂಕಿನ ಎಲ್ಲೆಯೂ ಒಂದೇ ಎಂದು ನಾವು ಹೇಳುತ್ತಿಲ್ಲ. ಈ ಬಯಲಿಗೆ ತನ್ನದೇ ಆದ ಒಂದು ನಡುಸ್ಥಳವು ಬೇಕಾಗುತ್ತದೆಂಬುದು ಎರಡು ಕಾಲಗಳಲ್ಲಿಯೂ ಕಂಡುಬಂದಿದೆ ಎಂಬುದಷ್ಟೇ ನಮ್ಮ ಅಭಿಪ್ರಾಯ.

೭

ಮೇಲಿನ ವಿವೇಚನೆಯಿಂದ ಕೆಲವು ಸಿದ್ಧಾಂತಗಳನ್ನು ತೆಗೆಯಬಹುದು. ಆಡಳಿತ ಸ್ಥಳದ ಹಿರಿಮೆಯು ಊರಿನ ಗಾತ್ರದಿಂದ ಮಾತ್ರ ಬರುವುದಿಲ್ಲ. ಮೊಸಂಗಿಗೆ ಅದು ನಾಡಿನ ನಡುವಣ ಸ್ಥಾನದಿಂದ, ಮುದಗಲ್ಲಿಗೆ ಕೋಟೆಯಿಂದ, ಲಿಂಗಸುಗೂರಿಗೆ ದಂಡಿನಿಂದ ಬಂದಿತು. ಸಿಂಧನೂರಿಗೆ ಕಾಲುವೆಯಿಂದ ಬಲಗೊಂಡಿತು. ಮೇಲಿನವರ ಅಗತ್ಯಕ್ಕಾಗಿ ಬಂದ ಕಚೇರಿಯು ಅವರ ಅಗತ್ಯವು ತೀರಿದೊಡನೆ ಹೋಗಿಬಿಡುತ್ತದೆ; ೧೯೦೫ರ ಲಿಂಗಸುಗೂರು ಇದಕ್ಕೆ ಸಾಕ್ಷಿ. ಸುತ್ತಣ ಹಳ್ಳಿಗಳ ಅಗತ್ಯಕ್ಕಾಗಿ ಇರುವ ನಡುಸ್ಥಳವಾದರೋ, ಹೆಸರು ಕಳೆದುಕೊಂಡರೂ ಶತಮಾನಗಳ ಅನಂತರ ಮರಳಿ ತಲೆಯೆತ್ತಬಲ್ಲುದು. ಮಸ್ಕಿಯು ಇದಕ್ಕೆ ಸಾಕ್ಷಿ. ಹಳ್ಳಿಗನ ದೃಷ್ಟಿಯಲ್ಲಿ ಒಳ್ಳೆಯ ಆಡಳಿತದ ಅಳತೆಗೋಲುಗಳು ಎರಡೇ: ಕಚೇರಿ ಎಷ್ಟು ದೂರ, ಅಲ್ಲಿಯ ಕಾಗದವು ಯಾವ ಭಾಷೆಯಲ್ಲಿದೆ. ಎರಡು ಸಾವಿರ ವರ್ಷಗಳ ಈ ಚರಿತ್ರೆಯನ್ನು ಈ ಎರಡು ಪ್ರಶ್ನೆಗಳ ಮೂಲಕವೇ ಬರೆಯಬಹುದು.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಮಾತು. ಶಿಲಾಶಾಸನಗಳನ್ನು ಓದುವವರು ನಮ್ಮಲ್ಲಿದ್ದಾರೆ. ಆದರೆ ಪಟವಾರಿಗಳ ಮನೆಗಳ ಅಟ್ಟದ ಮೇಲಿರುವ ಹಳೆಯ ದಫ್ತರಗಳು ಗೆದ್ದಲಿಗೂ ಒಲೆಗೂ ಆಹಾರವಾಗುತ್ತಿವೆ. ಫಸಲಿ ವರ್ಷದ ಗಣನೆಯನ್ನೂ ಮೋಡಿ ಉರ್ದು ಬರಹಗಳನ್ನೂ ಬಲ್ಲ ಹಿರಿಯರು ದಿನೇ ದಿನೇ ಕಡಮೆಯಾಗುತ್ತಿದ್ದಾರೆ. ಕಲ್ಲು ಇನ್ನೂ ಸಾವಿರ ವರ್ಷ ಕಾಯಬಲ್ಲುದು, ಕಾಗದವು ಕಾಯಲಾರದು. ಎಡೆದೊರೆಯ ಕಾಲೇಜುಗಳಲ್ಲಿ ಓದುವ ತರುಣರು ತಮ್ಮ ತಮ್ಮ ಊರಿನ ಒಂದೊಂದು ದಫ್ತರವನ್ನು ಹುಡುಕಿ, ಹಿರಿಯರ ಬಳಿ ಕುಳಿತು ಓದಿಸಿ, ನಕಲು ಮಾಡಿಟ್ಟರೆ, ಮಸ್ಕಿಯ ಬಂಡೆಯು ಅರಸನ ಹೆಸರನ್ನು ನಮಗೆ ಉಳಿಸಿಕೊಟ್ಟಂತೆ ಅವರು ಒಕ್ಕಲಿಗರ ಹೆಸರುಗಳನ್ನು ಮುಂದಿನವರಿಗೆ ಉಳಿಸಿಕೊಟ್ಟಂತಾಗುತ್ತದೆ.